ಹಜಾರದಲ್ಲಿ ಕೂತವರು

ಲಷ್ಕರ್ ಮೊಹಲ್ಲಾದ ನಮ್ಮ ಮನೆಗೆ ಎರಡು ಬಾಗಿಲುಗಳಿದ್ದವು. ಬೀದಿಗೆ ತೆರೆದುಕೊಳ್ಳುವ ದೊಡ್ಡ ಬಾಗಿಲು ಗಂಡಸರದು. ಪಕ್ಕದ ಸಂದಿಯೊಳಗೆ ತಿರುಗಿ, ಬಚ್ಚಲು ನೀರಿನ ಮೋರಿ ದಾಟಿ, ತಲೆ ತಗ್ಗಿಸಿ ನುಗ್ಗಬೇಕಾದ ಚಿಕ್ಕ ಬಾಗಿಲು ಹೆಂಗಸರದು, ಮಕ್ಕಳದು, ಹಾಲು ತರುವವಳದು. ಹೀಗೆಯೇ ನಡೆಯಬೇಕೆಂದು ಯಾರೂ ನನ್ನನ್ನು ಕೂರಿಸಿಕೊಂಡು ಹೇಳಿದ ನೆನಪಿಲ್ಲ. ಸ್ಕೂಲಿನಿಂದ ಬರುವಾಗ ದೊಡ್ಡ ಬಾಗಿಲು ಹಾರುಹೊಡೆದಿದ್ದರೂ ನಾನು ಅದರ ಮುಂದೆಯೇ ಹಾದು ಸಂದಿಗೆ ತಿರುಗುತ್ತಿದ್ದೆ. ಸಂದಿ ಎಷ್ಟು ಇಕ್ಕಟ್ಟೆಂದರೆ, ಗೋಡೆಗೆ ಉಜ್ಜಿ ಉಜ್ಜಿ ನನ್ನ ಒಂದು ತೋಳಿಗೆ ಯಾವಾಗಲೂ ಸುಣ್ಣ ಮೆತ್ತಿರುತ್ತಿತ್ತು. ನಮ್ಮ ತರಗತಿಯ ಇನ್ನೂ ಕೆಲವು ಹುಡುಗಿಯರಿಗೂ ಹಾಗೇ ಮೆತ್ತಿರುತ್ತಿತ್ತು. ಅದರಲ್ಲಿ ವಿಶೇಷವೇನೂ ಇದೆ ಅಂತ ನಮಗೆ ಅನಿಸಿರಲಿಲ್ಲ.

ದೊಡ್ಡ ಬಾಗಿಲಿನ ಒಳಗೆ ಕಾಲಿಟ್ಟರೆ ಹಜಾರ. ಮನೆಯಲ್ಲೆಲ್ಲ ಹೆಚ್ಚು ಗಾಳಿ, ಹೆಚ್ಚು ಬೆಳಕು ಇದ್ದ ಜಾಗ ಅದು. ಕೆಂಪು ಗಾರೆಯ ನೆಲ. ಬೀದಿಯ ಕಡೆಗೆ ಕಂಬಿ ಹಾಕಿದ ಎರಡು ಕಿಟಕಿ. ಗೋಡೆಗೆ ಒತ್ತಿ ಉದ್ದನೆಯ ಬೆಂಚು, ಅದರ ಪಕ್ಕದಲ್ಲಿ ತಾತನ ಆರಾಮ ಕುರ್ಚಿ. ಮೇಲೆ ಮಠದ ಹಿರಿಯ ಸ್ವಾಮಿಗಳ ಪಟ, ಗೋಡೆ ಗಡಿಯಾರ, ಕೋಟು ಪೇಟ ತಗುಲಿಹಾಕುವ ಗೂಟಗಳು. ಹಜಾರ ದಾಟಿದರೆ ನಡುಮನೆ, ಅಲ್ಲಿ ಹಗಲಲ್ಲೂ ದೀಪ ಬೇಕು. ಅದರಾಚೆ ಆಕಾಶ ಕಾಣುವ ತೊಟ್ಟಿ, ತೊಟ್ಟಿಯ ಪಕ್ಕಕ್ಕೆ ಹೊಗೆ ತುಂಬಿದ ಅಡುಗೆಮನೆ. ನಮ್ಮ ಮನೆಯ ಹೆಂಗಸರ ಬದುಕು ನಡುಮನೆಯ ಹೊಸಿಲಿನಿಂದ ಹಿಂದಕ್ಕೆ. ಹಜಾರದ ನೆಲವನ್ನು ದಿನಾ ಬೆಳಿಗ್ಗೆ ಗಂಡಸರು ಏಳುವ ಮೊದಲೇ ಅಮ್ಮ ಮೊಣಕಾಲೂರಿ ಒರೆಸುತ್ತಿದ್ದಳು. ಆ ನೆಲದಲ್ಲಿ ಮುಖ ಕಾಣುತ್ತಿತ್ತು ಅಂತ ಬಂದವರು ಹೊಗಳುತ್ತಿದ್ದರು. ಒರೆಸಿದ ಮೇಲೆ ಅಮ್ಮ ಅಲ್ಲಿ ಒಂದು ಗಳಿಗೆ ಕೂತದ್ದನ್ನು ನಾನು ನೋಡಿರಲಿಲ್ಲ. ಯಾರಾದರೂ ಬಂದರೆ ಕಾಫಿ ತಂದು ಹೊಸಿಲ ಬಳಿ ನಿಂತು ಬಳೆಯಿಂದ ಲೋಟವನ್ನು ತಟ್ಟುವಳು. ಅಪ್ಪ ಎದ್ದು ಬಂದು ತೆಗೆದುಕೊಳ್ಳುವರು. ಗಂಡಸರು ಮನೆಯಲ್ಲಿಲ್ಲದಾಗ ಯಾರಾದರೂ ಬೀದಿಯಿಂದ ಕೂಗಿದರೆ ಅಜ್ಜಿ ಕದದ ಹಿಂದೆ ನಿಂತು, ಮನೇಲಿ ಯಾರೂ ಇಲ್ಲ ಅನ್ನುತ್ತಿದ್ದಳು. ಆಗ ಒಳಗೆ ಅಜ್ಜಿ, ಅಮ್ಮ, ಗಿರಿಜತ್ತೆ, ನಾನು ಎಲ್ಲರೂ ಇರುತ್ತಿದ್ದೆವು. ಅಜ್ಜಿ ಅದನ್ನು ಬೇಸರದಿಂದ ಹೇಳುತ್ತಿರಲಿಲ್ಲ. ಮಳೆ ನಿಂತಿದೆ ಅಂತ ಹೇಳುವ ಹಾಗೆ ಹೇಳುತ್ತಿದ್ದಳು.

ನಮ್ಮ ಮನೆಯ ಹೆಣ್ಣು ಹಜಾರದಲ್ಲಿ ಕೂರುವ ಸಂದರ್ಭ ಒಂದೇ ಇತ್ತು. ಗಂಡಿನ ಕಡೆಯವರು ನೋಡಲು ಬಂದಾಗ ಚಾಪೆಯ ಮೇಲೆ ತಲೆ ತಗ್ಗಿಸಿ ಕೂರಬೇಕು, ಕೇಳಿದಾಗ ಹೆಸರು ಹೇಳಬೇಕು, ಎದ್ದು ಹೋಗು ಅಂದಾಗ ಹೋಗಬೇಕು. ಅಪ್ಪನ ತಂಗಿ ಗಿರಿಜತ್ತೆ ಹಾಗೆ ಹಲವು ಸಲ ಕೂತಿದ್ದಳು. ಅವಳು ಪಿಯುಸಿ ಪಾಸು ಮಾಡಿದವಳು, ಎತ್ತರದ ನಿಲುವು, ತೊಟ್ಟಿಯಲ್ಲಿ ಅವಳ ನಗು ಕೇಳಿದರೆ ಪಕ್ಕದ ಮನೆಯ ಮುಮ್ತಾಜಮ್ಮ ಗೋಡೆಯಾಚೆಯಿಂದ ಏನಾಯ್ತು ಅಂತ ಕೇಳುತ್ತಿದ್ದರು. ಆದರೆ ಹಜಾರದ ಚಾಪೆಯ ಮೇಲೆ ಅವಳು ಬೇರೆಯೇ ಆಗಿಬಿಡುತ್ತಿದ್ದಳು. ಹೆಸರು ಹೇಳುವಷ್ಟರಲ್ಲಿ ಧ್ವನಿ ಹೂತುಹೋಗುತ್ತಿತ್ತು. ಒಬ್ಬರಂತೂ ಹುಡುಗಿಗೆ ಮಾತು ಬರುತ್ತೋ ಇಲ್ಲವೋ ಅಂತ ಮಧ್ಯಸ್ಥರ ಹತ್ತಿರ ವಿಚಾರಿಸಿದ್ದರಂತೆ. ಅದನ್ನು ಕೇಳಿ ಅಮ್ಮ ಸಿಟ್ಟಾದಳು, ಗಿರಿಜತ್ತೆ ನಕ್ಕಳು, ಆಮೇಲೆ ಮಧ್ಯಾಹ್ನವೆಲ್ಲ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಒಬ್ಬಳೇ ಕೂತಿದ್ದಳು.

ತಾತ ಕೆಟ್ಟವರಾಗಿರಲಿಲ್ಲ. ಸಂತೆಪೇಟೆಯಲ್ಲಿ ಅವರದು ಬೆಲ್ಲದ ಮಂಡಿ. ಸಂಜೆ ಅವರು ಬಂದರೆಂದು ನಮಗೆ ಮೊದಲು ತಿಳಿಯುತ್ತಿದ್ದದ್ದು ಅವರ ಪಂಚೆಗೆ ಹತ್ತಿದ ಬೆಲ್ಲದ ವಾಸನೆಯಿಂದ. ಹಣೆ ತುಂಬ ವಿಭೂತಿ, ತಗ್ಗಿದ ಸ್ವರ. ಯಾರ ಮೇಲೂ ಕೈ ಎತ್ತಿದವರಲ್ಲ, ಬೈದದ್ದೂ ಕಡಿಮೆ. ಆದರೆ ಮನೆಯ ಹೆಂಗಸರ ಜೊತೆ ಅವರ ಮಾತು ಊಟ, ನೀರು, ಬಂದೆ, ಹೊರಟೆ ಇಷ್ಟರಲ್ಲಿ ಮುಗಿಯುತ್ತಿತ್ತು. ಹಜಾರದ ಗಡಿಯಾರಕ್ಕೆ ಕೀಲಿ ಕೊಡುವುದು ಮಾತ್ರ ಅವರದೇ ಕೆಲಸ, ಅಪ್ಪನಿಗೂ ಬಿಡುತ್ತಿರಲಿಲ್ಲ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ, ಅವರೆಕಾಯಿ ಕಾಲದ ಒಂದು ಸೋಮವಾರ, ಪೂಜೆ ಮುಗಿಸಿ ಸ್ಟೂಲು ಹತ್ತಿ ಕೀಲಿ ಕೊಡಲು ಹೋದವರು ಕೆಳಗೆ ಬಿದ್ದರು. ಅಪ್ಪ ಆಗಲೇ ಮಂಡಿಗೆ ಹೋಗಿದ್ದರು. ಸದ್ದು ಕೇಳಿ ಎಲ್ಲರೂ ಓಡಿದೆವು. ಓಡಿದವರು ನಡುಮನೆಯ ಹೊಸಿಲಿನಲ್ಲಿ ನಿಂತುಬಿಟ್ಟೆವು. ಬೀದಿ ಬಾಗಿಲು ತೆರೆದಿತ್ತು, ಜನ ಓಡಾಡುತ್ತಿದ್ದರು. ತಾತ ನೆಲದ ಮೇಲೆ ಕಾಲು ಮಡಚಿಕೊಂಡು ಬಿದ್ದಿದ್ದಾರೆ. ಅಜ್ಜಿ ಹೊಸಿಲಿನಲ್ಲಿ ನಿಂತೇ ಏನಾಯ್ತು ಅಂತ ಕೇಳುತ್ತಿದ್ದಾಳೆ. ಬನ್ರೇ ಅಂತ ತಾತ ಕರೆದ ಮೇಲೆಯೇ ನಾವು ಹಜಾರಕ್ಕೆ ಕಾಲಿಟ್ಟದ್ದು. ಈ ಸಂಗತಿಯನ್ನು ಮುಂದೆ ಅಜ್ಜಿಯೇ ಎಲ್ಲರಿಗೂ ಹೇಳಿ ನಗುತ್ತಿದ್ದಳು.

ಆಸ್ಪತ್ರೆಯಿಂದ ಬಂದಾಗ ತಾತನ ಬಲಗಾಲಿಗೆ ಪಾದದಿಂದ ತೊಡೆಯವರೆಗೆ ಪ್ಲಾಸ್ಟರ್ ಇತ್ತು. ಅವರು ಮಲಗುತ್ತಿದ್ದದ್ದು ಮಹಡಿಯ ಮೇಲೆ, ಏಣಿಯಂತಹ ಕಡಿದಾದ ಮೆಟ್ಟಿಲು. ನಡುಮನೆಯಲ್ಲಿ ಮಂಚ ಹಾಕಿದರೆ ಓಡಾಡಲು ಜಾಗವಿಲ್ಲ. ಹಾಗಾಗಿ ಮಂಚ ಹಜಾರದಲ್ಲೇ ಬಿತ್ತು. ಮೊದಮೊದಲು ಬಂದವರಿಗೆ ಲೆಕ್ಕವಿಲ್ಲ. ಮಂಡಿಯವರು, ಮಠದವರು, ನೆಂಟರು ಕಿತ್ತಳೆ ಹಣ್ಣು ತಂದು ಬೆಂಚಿನ ತುಂಬ ಕೂತು, ತಮಗೆ ಗೊತ್ತಿದ್ದ ಕಾಲು ಮುರಿದವರ ಕಥೆಗಳನ್ನೆಲ್ಲ ಹೇಳಿ ಹೋದರು. ಆಮೇಲೆ ಹೊಸ ಬೆಲ್ಲ ಬರುವ ಕಾಲವಾಯಿತು, ಎಲ್ಲರಿಗೂ ಅವರವರ ಕೆಲಸ. ಅಪ್ಪ ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ತಾತ ಅಷ್ಟು ದೊಡ್ಡ ಹಜಾರದಲ್ಲಿ ಒಬ್ಬರೇ, ಮೇಲಿನ ತೊಲೆ ನೋಡುತ್ತ ಮಲಗಿರಬೇಕಾಯಿತು. ಆಗ ಶುರುವಾಯಿತು ಅವರ ಕರೆಯುವಿಕೆ. ನೀರು ಬೇಕು, ದಿಂಬು ಸರಿದಿದೆ, ಕಿಟಕಿ ಹಾಕಿ, ಕಿಟಕಿ ತೆಗೀರಿ, ಬೀದಿಯಲ್ಲಿ ಅದೇನು ಗಲಾಟೆ ನೋಡಿ. ಅಜ್ಜಿ ಸೊಂಟ ಹಿಡಿದುಕೊಂಡು ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಅಡುಗೆಮನೆಗೆ ಓಡಾಡಿದಳು. ಒಂದು ದಿನ ಅವಳು ನೀರಿನ ಲೋಟ ಮಂಚದ ಪಕ್ಕದಲ್ಲಿಟ್ಟು ಒಳಗೆ ಹೋಗಿ ಅವರೆಕಾಯಿಯ ಮೊರ ಎತ್ತಿಕೊಂಡು ಬಂದಳು.

“ಇನ್ನು ನನ್ ಕೈಲಾಗಲ್ಲ ಕಣ್ರೀ. ನಿಮ್ಮ ಒಂದೊಂದು ಲೋಟ ನೀರಿಗೆ ಓಡಾಡಿ ನನ್ ಕಾಲೂ ಮುರ್ದೋದ್ರೆ ಇಬ್ರನ್ನೂ ಯಾರ್ ನೋಡ್ಕೋತಾರೆ? ನಾನ್ ಇಲ್ಲೇ ಕೂತ್ಕೋತೀನಿ.”

ಹೇಳಿ ಮಂಚದ ಪಕ್ಕ ನೆಲದ ಮೇಲೆ ಕೂತೇಬಿಟ್ಟಳು. ತಾತ ಬಾಗಿಲ ಕಡೆ ನೋಡಿ, ಕದವನ್ನಾದರೂ ಮುಂದಕ್ಕೆ ಹಾಕು ಅಂದರು. ಕದ ಹಾಕಿದರೆ ಹುಳುಕು ಕಾಣುವುದಿಲ್ಲ ಅಂದಳು ಅಜ್ಜಿ. ಬಾಗಿಲು ತೆರೆದೇ ಇತ್ತು. ಬೀದಿಯಲ್ಲಿ ಹೋಗುವವರು ಒಮ್ಮೆ ಒಳಗೆ ನೋಡಿದರು, ತಮ್ಮ ಪಾಡಿಗೆ ಹೋದರು. ಮಾರನೆಯ ದಿನ ಅಮ್ಮನೂ ಅಕ್ಕಿ ಆರಿಸಲು ಅಲ್ಲಿಗೇ ಬಂದಳು. ಮೊದಲು ಹೊಸಿಲ ಮೇಲೆ, ಆಮೇಲೆ ಕಂಬದ ಹತ್ತಿರ, ಆಮೇಲೆ ಕಿಟಕಿಯ ಕೆಳಗೆ. ಮಾವನವರ ಎದುರು ಕೂರುವ ಅಭ್ಯಾಸವಿಲ್ಲದ ಅವಳು ಹೀಗೆ ದಿನಕ್ಕಿಷ್ಟು ಮುಂದಕ್ಕೆ ಸರಿದು, ವಾರ ಕಳೆಯುವುದರಲ್ಲಿ ಬೀದಿಯ ಗಾಳಿ ಮುಖಕ್ಕೆ ಬಡಿಯುವ ಜಾಗ ಹಿಡಿದಳು. ಹಿತ್ತಲ ಗೋಡೆಯಾಚೆಯಿಂದ ಮಾತಾಡುತ್ತಿದ್ದ ಮುಮ್ತಾಜಮ್ಮನೂ ಯಜಮಾನರ ಕಾಲು ವಿಚಾರಿಸುವ ನೆಪದಲ್ಲಿ ದೊಡ್ಡ ಬಾಗಿಲಿನಿಂದಲೇ ಬರತೊಡಗಿದರು. ಅವರಿಗೆ ಬೆಂಚಿನ ತುದಿ. ಅವರು ತರುತ್ತಿದ್ದ ಶುಂಠಿ ಹಾಕಿದ ಚಹಾ ತಾತನಿಗೆ ಎಷ್ಟು ಹಿಡಿಸಿತೆಂದರೆ, ಅವರು ಬರುವುದು ತಡವಾದರೆ ನನ್ನನ್ನು ಕರೆದು, ಪಕ್ಕದ ಮನೆಯವರು ಊರಲ್ಲಿಲ್ಲವೇನು ಅಂತ ಕೇಳುತ್ತಿದ್ದರು.

ನನಗೂ ಅಲ್ಲಿ ಒಂದು ಕೆಲಸ ಸಿಕ್ಕಿತು. ಕೆಲಸದ ಮೇಲೆ ತಾತನನ್ನು ಹುಡುಕಿಕೊಂಡು ಬರುವವರು ಪೂರ್ತಿ ನಿಂತಿರಲಿಲ್ಲ, ತಾತ ಏಳುವ ಹಾಗಿಲ್ಲ, ಅಮ್ಮ ಗಿರಿಜತ್ತೆಯರಿಗೆ ಬಾಗಿಲಿಗೆ ಹೋಗಿ ಮಾತಾಡಲು ಸಂಕೋಚ. ಸ್ಕೂಲು ಬಿಟ್ಟ ಮೇಲೆ ಬಾಗಿಲು ನನ್ನದಾಯಿತು. ಬಂದವರು ಯಾರು, ಎಲ್ಲಿಂದ, ಏನು ಕೆಲಸ ಅಂತ ಕೇಳಿ ಬಂದು ತಾತನಿಗೆ ಒಪ್ಪಿಸಬೇಕು. ಮಂಚ ಬಾಗಿಲಿಗೆ ಅಷ್ಟು ಹತ್ತಿರವಿರುವಾಗ ತಾತನಿಗೆ ಎಲ್ಲ ಕೇಳಿಸುತ್ತಲೇ ಇತ್ತು. ಆದರೂ ನಾನು ಬಂದು ಹೇಳುವವರೆಗೆ ಕಣ್ಣು ಮುಚ್ಚಿಕೊಂಡಿರುತ್ತಿದ್ದರು. ಬೇಡದವರಾದರೆ ಮುಚ್ಚಿದ ಕಣ್ಣು ತೆರೆಯುತ್ತಲೇ ಇರಲಿಲ್ಲ. ನಾನು ಹೋಗಿ, ತಾತ ನಿದ್ದೆ ಮಾಡ್ತಾ ಇದಾರೆ ಅನ್ನುತ್ತಿದ್ದೆ. ಮೊದಲ ದಿನ ನಾನು ಕಾಲ ಹೆಬ್ಬೆರಳು ನೋಡುತ್ತ ಏನೋ ಗೊಣಗಿದೆ. ಬಂದವರು ಮತ್ತೆ ಮತ್ತೆ ಏನಮ್ಮ, ಏನಮ್ಮ ಅಂದರು. ಅವರು ಹೋದ ಮೇಲೆ ತಾತ ನನ್ನನ್ನು ಮಂಚದ ಹತ್ತಿರ ಕರೆದರು.

“ನೆಲ ನೋಡ್ಕೊಂಡ್ ಮಾತಾಡಿದ್ರೆ ನೆಲಕ್ಕೇ ಕೇಳ್ಸೋದು, ಪುಟ್ಟಿ. ಅವರ ಮುಖ ನೋಡಿ ಕೇಳು. ನೀನು ನಮ್ಮನೆ ಬಾಗಿಲಲ್ಲಿ ನಿಂತಿದೀಯ, ಅವರ ಬಾಗಿಲಲ್ಲಲ್ಲ.”

ನಾನು ದೊಡ್ಡವಳಾಗಿ ಬಸ್ ನಿಲ್ದಾಣದ ವಿಚಾರಣೆಯ ಕಿಟಕಿಯ ಹಿಂದೆ ಕೂತು ನಿವೃತ್ತಿಯವರೆಗೆ ಜನರ ಪ್ರಶ್ನೆಗಳಿಗೆ ಉತ್ತರ ಹೇಳಿದವಳು. ಸಿಟ್ಟಾದವರು, ಬಸ್ಸು ತಪ್ಪಿಸಿಕೊಂಡವರು, ತಮ್ಮ ಊರಿನ ಹೆಸರೇ ಮರೆತ ಮುದುಕರು, ಎಲ್ಲರನ್ನೂ ನೋಡಿದೆ. ಅಷ್ಟು ಜನರ ನಡುವೆ ಹೇಗೆ ಬೇಸರವಿಲ್ಲದೆ ಕೂತಿರುತ್ತೀಯ ಅಂತ ಜೊತೆಯವರು ಕೇಳುತ್ತಿದ್ದರು. ನನಗೆ ಆ ಕೆಲಸ ಹೊಸದಾಗಿ ಕಲಿಯಬೇಕಾದದ್ದು ಅಂತ ಯಾವತ್ತೂ ಅನಿಸಲೇ ಇಲ್ಲ.

ತಾತನಿಗೆ ಮಲಗಿಕೊಂಡು ಪೇಪರ್ ಹಿಡಿಯಲಾಗುತ್ತಿರಲಿಲ್ಲ. ಗಿರಿಜತ್ತೆ ಓದಿ ಹೇಳತೊಡಗಿದಳು. ಮೊದಲು ನಿಂತು ಓದುತ್ತಿದ್ದಳು. ನಿಂತವರನ್ನು ನೋಡುತ್ತ ಕೇಳಿಸಿಕೊಳ್ಳುವುದಕ್ಕೆ ಕುತ್ತಿಗೆ ನೋಯುತ್ತದೆಂದು ತಾತನೇ ಆರಾಮ ಕುರ್ಚಿ ತೋರಿಸಿದರು. ಆ ಕುರ್ಚಿಯಲ್ಲಿ ತಾತನನ್ನು ಬಿಟ್ಟರೆ ಮಠದ ಸ್ವಾಮಿಗಳು ಮಾತ್ರ ಕೂತದ್ದು. ಗಿರಿಜತ್ತೆ ಅಂಚಿನಲ್ಲಿ ಕೂತಳು; ಆದರೆ ಅದು ಅಂಚಿನಲ್ಲಿ ಕೂರುವ ಕುರ್ಚಿಯಲ್ಲ, ಸ್ವಲ್ಪ ಹೊತ್ತಿಗೆ ಅದೇ ಅವಳನ್ನು ಹಿಂದಕ್ಕೆ ಒರಗಿಸಿಕೊಂಡಿತು. ಅವಳು ಸುದ್ದಿಯನ್ನು ಬರಿದೇ ಓದುವವಳಲ್ಲ. ಮಂತ್ರಿಗಳ ಭಾಷಣ ಓದಿ ಅದೇ ಧಾಟಿಯಲ್ಲಿ ಇನ್ನೆರಡು ವಾಕ್ಯ ತಾನೇ ಸೇರಿಸುತ್ತಿದ್ದಳು. ಯಾವುದು ಪೇಪರಿನದು, ಯಾವುದು ಮಗಳದು ಅಂತ ತಾತ ಕಂಡುಹಿಡಿಯಬೇಕು. ಬೆಲ್ಲದ ಧಾರಣೆ ಬಂದಾಗ ಇಬ್ಬರೂ ವಾದಕ್ಕೆ ಇಳಿಯುತ್ತಿದ್ದರು. ತಾತ ಈಗ ಮಾರಬಾರದು ಅಂದರೆ, ಅವಳು ಶಿವರಾತ್ರಿಯವರೆಗೆ ಕಾದರೆ ಕರಗುವುದಷ್ಟೇ ಲಾಭ ಅನ್ನುತ್ತಿದ್ದಳು. ಒಂದು ಸಂಜೆ ಅಪ್ಪ ಮಂಡಿಯಿಂದ ಬಂದು ಸರಕು ಕಳಿಸುವುದೋ ಬೇಡವೋ ಅಂತ ಕೇಳಿದಾಗ ತಾತ ಗಿರಿಜತ್ತೆಯ ಕಡೆ ನೋಡಿದರು. ಅಪ್ಪನೂ ನೋಡಿದರು. ಅವಳು ಕಳಿಸಣ್ಣ ಅಂದಳು. ಸರಕು ಹೋಯಿತು.

ಹೆಂಗಸರ ಹರಟೆಗೆ ಮಾತ್ರ ತಾತ ಕಿವಿಗೊಡುವುದಿಲ್ಲವೆಂದೇ ನಾವೆಲ್ಲ ತಿಳಿದಿದ್ದೆವು. ಊಟವಾದ ಮೇಲೆ ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ಅಜ್ಜಿಯ ಬಾಯಿ ಬಿಚ್ಚಿಕೊಳ್ಳುತ್ತಿತ್ತು. ಒಂದು ಮಧ್ಯಾಹ್ನ ಹಿತಕವರೆ ಹಿಸುಕುತ್ತ ಅವಳು ತನ್ನನ್ನು ನೋಡಲು ತಾತ ಬಂದ ದಿನದ ಕಥೆ ತೆಗೆದಳು. ಎಲ್ಲರೂ ತನ್ನನ್ನು ತಲೆ ತಗ್ಗಿಸಿ ಕೂರು ಅಂದರಂತೆ. ತಾನು ತಗ್ಗಿಸಿದ ತಲೆಯಲ್ಲೇ ಕಣ್ಣು ಮಾತ್ರ ಎತ್ತಿ ನೋಡಿದರೆ, ಎದುರಿಗಿದ್ದ ಹುಡುಗ ತನಗಿಂತ ಹೆಚ್ಚು ತಲೆ ತಗ್ಗಿಸಿದ್ದನಂತೆ. ಕೋಟಿನ ಒಂದು ಗುಂಡಿ ಕಿತ್ತು ನೇತಾಡುತ್ತಿತ್ತಂತೆ. ಕಾಫಿ ಲೋಟ ಕೈಗೆ ಕೊಟ್ಟಾಗ ಅವನ ಕೈ ಗಡಗಡ ನಡುಗಿ ಕಾಫಿಯೆಲ್ಲ ಪಂಚೆಯ ಮೇಲೆ ಚೆಲ್ಲಿತಂತೆ. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು, ಮುಮ್ತಾಜಮ್ಮ ಬೆಂಚಿನ ಮೇಲೆ ಅಲುಗಾಡಿ ನಗತೊಡಗಿದರು. ಆಗ ಗೋಡೆಯ ಕಡೆಯಿಂದ ತಾತನ ಧ್ವನಿ ಬಂತು.

“ಕೈ ನಡುಗ್ಲಿಲ್ಲ. ಲೋಟ ಬಿಸಿ ಇತ್ತು.”

ಅಮ್ಮ ಸೆರಗು ಬಿಟ್ಟು ಅಜ್ಜಿಯ ಮುಖ ನೋಡಿದಳು. ಆಮೇಲೆ ಗಿರಿಜತ್ತೆ ನಕ್ಕಳು, ತೊಟ್ಟಿಯಲ್ಲಿ ನಗುತ್ತಿದ್ದ ಹಾಗೆ. ಆ ನಗು ಬೀದಿಗೂ ಕೇಳಿಸಿರಬೇಕು. ತಾತ ನಿಧಾನಕ್ಕೆ ಈ ಕಡೆ ತಿರುಗಿದರು. ಅವರ ಹೊಟ್ಟೆ ಕುಲುಕುತ್ತಿತ್ತು. ಅವರು ಹಾಗೆ ನಗುವುದನ್ನು ನಾನು ಅದೇ ಮೊದಲು ನೋಡಿದ್ದು. ಅಮ್ಮನೂ ಮೊದಲ ಸಲ ನೋಡಿದಳಂತೆ, ಅವಳು ಆ ಮನೆಗೆ ಸೊಸೆಯಾಗಿ ಬಂದು ಎಷ್ಟೋ ವರ್ಷವಾಗಿತ್ತು.

ಈ ನಡುವೆ ಗಿರಿಜತ್ತೆಗೆ ಇನ್ನೊಂದು ಸಂಬಂಧ ಬಂತು. ಹುಡುಗ ಅಶೋಕಪುರಂ ಕಡೆಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್, ಹೆಸರು ಮಹದೇವ. ತಂದೆಯಿಲ್ಲ. ದೊಡ್ಡಪ್ಪನದೇ ಯಜಮಾನಿಕೆ. ಭಾನುವಾರ ಸಂಜೆ ಬರುತ್ತಾರೆ ಅಂತ ಗೊತ್ತಾಯಿತು. ಅವತ್ತಿನ ಮಟ್ಟಿಗೆ ಹಜಾರ ಮೊದಲಿನ ಹಾಗೆ ಆಗಬೇಕೆಂದು ಅಜ್ಜಿ ತೀರ್ಮಾನಿಸಿದಳು. ತಾತನ ಮಂಚ ಇರಲಿ, ಅದಕ್ಕೆ ಉಪಾಯವಿಲ್ಲ. ಹೆಂಗಸರೆಲ್ಲ ಒಳಗೆ, ಗಿರಿಜತ್ತೆಗೆ ಚಾಪೆ. ಗಿರಿಜತ್ತೆ ಹೂಂ ಅಂದಳು. ಶನಿವಾರದಿಂದಲೇ ಅವಳ ಮಾತು ಕಡಿಮೆಯಾಯಿತು. ಪೇಪರ್ ಓದುವಾಗ ಮಂತ್ರಿಗಳ ಭಾಷಣಕ್ಕೆ ಏನನ್ನೂ ಸೇರಿಸಲಿಲ್ಲ. ತಾತ ಅದನ್ನು ಗಮನಿಸಿದರೆಂದು ನನಗೆ ಈಗ ಅನಿಸುತ್ತದೆ.

ಸಂಜೆ ಬರುತ್ತೇವೆಂದವರು ಮಧ್ಯಾಹ್ನದ ಊಟದ ಹೊತ್ತು ಕಳೆಯುತ್ತಲೇ ಬಂದರು. ಮಧ್ಯಸ್ಥರು ಹೇಳಿದ್ದರಲ್ಲಿ ಏನೋ ಹೆಚ್ಚುಕಡಿಮೆ. ಅಪ್ಪ ಸಿಹಿ ತರಲು ಹೊರಗೆ ಹೋಗಿದ್ದರು. ಬಾಗಿಲಲ್ಲಿ ಜರಿಪೇಟದ ಹಿರಿಯರೊಬ್ಬರು, ಅವರ ಹಿಂದೆ ಕನ್ನಡಕದ ಯುವಕ, ಇನ್ನೂ ಹಿಂದೆ ಬಿಳಿ ಸೀರೆಯ ಹೆಂಗಸೊಬ್ಬರು ನಿಂತಿದ್ದರು. ನಾನು ದಿನದ ಅಭ್ಯಾಸದಂತೆ ಹಿರಿಯರ ಮುಖ ನೋಡಿ, ಯಾರು, ಎಲ್ಲಿಂದ ಬಂದ್ರಿ, ಏನ್ ಕೆಲಸ ಅಂತ ಕೇಳಿದೆ. ಹಿರಿಯರ ಹುಬ್ಬು ಗಂಟಿಕ್ಕಿತು. ಹೆಣ್ಣು ನೋಡೋ ಕೆಲಸ ಅಂದರು. ಯುವಕ ಮುಖ ಆಚೆ ತಿರುಗಿಸಿ ನಗು ತಡೆದುಕೊಂಡ. ನಾನು ವರದಿ ಒಪ್ಪಿಸಲು ತಿರುಗುವ ಮೊದಲೇ ಅವರು ಒಳಗೆ ಕಾಲಿಟ್ಟಿದ್ದರು.

ಅವರು ಕಂಡದ್ದು ಇದು. ಮುಮ್ತಾಜಮ್ಮ ಬೆಂಚಿನ ಮೇಲೆ ಕಾಲು ಮಡಚಿ ಕೂತಿದ್ದಾರೆ. ಅಜ್ಜಿ, ಅಮ್ಮ ನೆಲದ ಮೇಲೆ ಮೊರಗಳನ್ನು ಹರಡಿಕೊಂಡಿದ್ದಾರೆ, ಸುತ್ತ ಸಿಪ್ಪೆಯ ರಾಶಿ. ಮಂಚದ ಮೇಲೆ ಬಿಳಿ ಕಾಲು ಚಾಚಿದ ತಾತ. ಪಕ್ಕದ ಆರಾಮ ಕುರ್ಚಿಯಲ್ಲಿ ನೋಡಬೇಕಾದ ಹೆಣ್ಣು, ಮನೆಯಲ್ಲುಡುವ ಸೀರೆಯಲ್ಲಿ, ಪೇಪರ್ ಅಗಲಿಸಿ ಹಿಡಿದು, ಅಂಗೈಯಲ್ಲಿ ಕಡಲೆಕಾಯಿ ಇಟ್ಟುಕೊಂಡು. ಅಮ್ಮ ಮೊರ ಎತ್ತಿಕೊಂಡು ಓಡಿದಳು, ಮುಮ್ತಾಜಮ್ಮ ಬೆಂಚಿನಿಂದ ಇಳಿದು ಅವಳ ಹಿಂದೆ ಹೋದರು. ಅಜ್ಜಿ ಏಳಲು ಹೋಗಿ ಮಂಡಿ ಹಿಡಿದು ಅಲ್ಲೇ ಉಳಿದಳು. ಗಿರಿಜತ್ತೆ ಕುರ್ಚಿಯಿಂದ ಎದ್ದಳು. ಅವಳ ತಲೆ ಆಗಲೇ ತಗ್ಗತೊಡಗಿತ್ತು. ತಾತ ಬಂದವರನ್ನು ನೋಡಿದರು, ಮಗಳನ್ನು ನೋಡಿದರು. ಕೂತ್ಕೊ ಅಂದರು. ಅವಳು ಚಾಪೆಗಾಗಿ ಸುತ್ತ ನೋಡಿದಳು. ಚಾಪೆ ಇನ್ನೂ ಒಳಗೇ ಇತ್ತು. ಅಲ್ಲೇ ಕೂತ್ಕೊ ಅಂತ ತಾತ ಕುರ್ಚಿಯ ಕಡೆ ಕೈ ತೋರಿಸಿದರು. ಅವಳು ಕೂತಳು. ಹುಡುಗನ ದೊಡ್ಡಪ್ಪನವರು ಬೆಂಚಿನ ಮೇಲೆ ಕೂರುತ್ತ, ಹೆಣ್ಣುಮಕ್ಕಳು ಹಜಾರದಲ್ಲಿ ಹೀಗೆ ಕೂರುವ ಪದ್ಧತಿ ನಮ್ಮಲ್ಲಿಲ್ಲ ಅಂದರು. ದನಿಯಲ್ಲಿ ಮರ್ಯಾದೆ ಇತ್ತು, ಮೊನಚೂ ಇತ್ತು. ತಾತ ತಮ್ಮ ಪ್ಲಾಸ್ಟರ್ ಕಾಲಿನ ಕಡೆ ನೋಡಿದರು.

“ನಮ್ಮಲ್ಲೂ ಇರ್ಲಿಲ್ಲ ಸ್ವಾಮಿ. ಅದಕ್ಕೆ ನಾನು ಕಾಲು ಮುರ್ಕೋಬೇಕಾಯ್ತು.”

ಯುವಕ ಈ ಸಲ ನಗು ತಡೆಯಲಿಲ್ಲ. ದೊಡ್ಡಪ್ಪನವರು ಅವನ ಕಡೆ ನೋಡಿದ ಮೇಲೆ ನಿಲ್ಲಿಸಿದ. ಆಮೇಲೆ ಪ್ರಶ್ನೆಗಳು ಬಂದವು. ಹಾಡು ಬರುತ್ತದೆಯೇ ಅಂದರು ದೊಡ್ಡಪ್ಪನವರು. ಬರುವುದಿಲ್ಲ, ಪೇಪರ್ ಓದುತ್ತೇನೆ ಅಂದಳು ಗಿರಿಜತ್ತೆ. ಅವಳ ಧ್ವನಿ ಗಟ್ಟಿಯಾಗಿರಲಿಲ್ಲ, ಆದರೆ ಹೂತೂ ಹೋಗಲಿಲ್ಲ. ಅಡುಗೆ, ಪೂಜೆ, ಹೊಲಿಗೆ ಎಲ್ಲ ಕೇಳಿ ಮುಗಿಯಿತು. ಇಷ್ಟು ಹೊತ್ತೂ ಆ ಬಿಳಿ ಸೀರೆಯವರು, ಹುಡುಗನ ತಾಯಿ, ಬಾಗಿಲ ಪಕ್ಕದ ಗೋಡೆಗೆ ಒತ್ತಿಕೊಂಡು ನಿಂತೇ ಇದ್ದರು. ಅಜ್ಜಿ ಬನ್ನಿ ಬನ್ನಿ ಅಂದರೂ ಇರಲಿ ಅನ್ನುತ್ತಿದ್ದರು. ತಾತ ಮಗಳ ಕಡೆ ತಿರುಗಿ, ನೀನೇನಾದರೂ ಕೇಳುವುದಿದ್ದರೆ ಕೇಳು ಅಂದರು. ನಮ್ಮ ಹಜಾರದಲ್ಲಿ ಆ ಮಾತನ್ನು ಹಿಂದೆ ಯಾರೂ ಆಡಿರಲಿಲ್ಲ. ಅಜ್ಜಿ ಕಣ್ಣು ಮುಚ್ಚಿಕೊಂಡಳು. ಗಿರಿಜತ್ತೆ ಕೈಯಲ್ಲಿದ್ದ ಪೇಪರನ್ನು ಮಡಚಿದಳು, ಇನ್ನೊಮ್ಮೆ ಮಡಚಿದಳು. ಆಮೇಲೆ ಹುಡುಗನನ್ನೇ ನೋಡಿ ಕೇಳಿದಳು.

“ನಿಮ್ಮನೇಲಿ ನಿಮ್ಮಮ್ಮ ಎಲ್ಲಿ ಕೂತ್ಕೋತಾರೆ?”

ಮಹದೇವ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದ. ತಿರುಗಿ ಬಾಗಿಲ ಪಕ್ಕ ನಿಂತಿದ್ದ ತಾಯಿಯನ್ನು ನೋಡಿದ. ಕೊನೆಗೆ, ಗೊತ್ತಿಲ್ಲ, ನಾನು ನೋಡಿಲ್ಲ ಅಂದ. ದೊಡ್ಡಪ್ಪನವರು ಎದ್ದರು. ತಿಳಿಸುತ್ತೇವೆ ಅಂದರು. ಅಪ್ಪ ಸಿಹಿಯ ಪೊಟ್ಟಣ ಹಿಡಿದು ಬರುವ ಹೊತ್ತಿಗೆ ಅವರು ಬೀದಿಯ ತಿರುವು ದಾಟಿದ್ದರು.

ಅವತ್ತು ರಾತ್ರಿಯ ಊಟ ಸಪ್ಪೆಯಾಗಿ ಮುಗಿಯಿತು. ಅಜ್ಜಿ ತಾತನ ಜೊತೆ ಮಾತು ಬಿಟ್ಟಳು. ಗಿರಿಜತ್ತೆ ತನ್ನದೇ ತಪ್ಪು ಅಂದಳು. ತಾತ, ಕೇಳಿದ್ದರಲ್ಲಿ ತಪ್ಪೇನಿದೆ, ಅವನು ಸುಳ್ಳು ಹೇಳಲಿಲ್ಲ ನೋಡು, ಅಷ್ಟು ಸಾಕು ಅಂದರು. ಅಪ್ಪ ತಂದ ಸಿಹಿಯನ್ನು ಯಾರೂ ಬಿಚ್ಚಲಿಲ್ಲವಾದ್ದರಿಂದ ನಾನೇ ಬಿಚ್ಚಿ ಎಲ್ಲರ ಮುಂದೆ ಹಿಡಿದೆ. ತಾತ ಒಂದು ತೆಗೆದುಕೊಂಡು ಗಿರಿಜತ್ತೆಗೆ ಕೊಟ್ಟರು.

ಎರಡು ಮೂರು ದಿನ ಕಳೆದು, ಬೆಳಗಿನ ಹೊತ್ತು, ಬಾಗಿಲ ಮುಂದೆ ಜಟಕಾ ನಿಂತಿತು. ಇಳಿದವರು ಬಿಳಿ ಸೀರೆಯ ಆ ತಾಯಿ, ಒಬ್ಬರೇ. ಸಂದಿಯ ಕಡೆ ನೋಡಲೂ ಇಲ್ಲ. ದೊಡ್ಡ ಬಾಗಿಲಿನಿಂದ ನೇರ ಒಳಗೆ ಬಂದು, ಅಜ್ಜಿ ಹೇಳುವ ಮೊದಲೇ ಬೆಂಚಿನ ಮೇಲೆ ಕೂತರು. ಸೆರಗಿನಿಂದ ಮುಖ ಒರೆಸಿಕೊಂಡರು. ನೀರು ಕುಡಿದರು. ಗಿರಿಜತ್ತೆಯನ್ನು ಹತ್ತಿರ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

“ಅವತ್ತು ಮನೆಗೋದ್ಮೇಲೆ ನನ್ ಮಗ ಅಡುಗೆಮನೆಗೆ ಬಂದ ಕಣಮ್ಮ. ಅಮ್ಮ, ನೀನ್ ಎಲ್ಲಿ ಕೂತ್ಕೋತೀಯ ಅಂದ. ಒಲೆ ಪಕ್ಕ ಮಣೆ ತೋರಿಸ್ದೆ. ಅವನೂ ಅಲ್ಲೇ ಕೂತ್ಕೊಂಡ. ಊಟ ಆದ್ಮೇಲೂ ಎದ್ ಹೋಗ್ಲಿಲ್ಲ. ಅವರ ದೊಡ್ಡಪ್ಪ ಏನಾದ್ರೂ ಅನ್ಲಿ, ಅವರಿಗೆ ನಾನು ಹೇಳ್ಕೋತೀನಿ. ನೀನು ನಮ್ಮನೆಗೆ ಬಂದ್ಬುಡು.”

ಅಜ್ಜಿ ಮೂಗು ಸೀಟಿಕೊಂಡಳು. ಅಮ್ಮ ಕಾಫಿ ತರಲು ಎದ್ದವಳು ಹೋಗದೆ ಅಲ್ಲೇ ನಿಂತಳು. ತಾತ ಗಿರಿಜತ್ತೆಯನ್ನು ಏನಂತೀಯ ಅಂತ ಕೇಳಿದರು. ಅವಳು ತಲೆ ತಗ್ಗಿಸಿದ್ದಳು, ಆದರೆ ಅದು ನಗು ಮುಚ್ಚಿಡುವುದಕ್ಕೆ. ಅವರನ್ನು ಇನ್ನೊಂದು ಸಲ ಕರೀರಿ ಅಪ್ಪಾಜಿ, ನಾನು ಕೇಳೋದು ಇನ್ನೂ ಇದೆ ಅಂದಳು. ಮುಂದಿನ ಭಾನುವಾರ ಮಹದೇವ ತಾಯಿಯ ಜೊತೆ ಬಂದ. ಅವನೂ ಗಿರಿಜತ್ತೆಯೂ ಕಿಟಕಿಯ ಹತ್ತಿರ ಕೂತು ಬಹಳ ಹೊತ್ತು ಮಾತಾಡಿದರು. ತಾತ ಗೋಡೆಯ ಕಡೆ ತಿರುಗಿ ಮಲಗಿದ್ದರು. ಈ ಸಲ ಅವರು ನಿಜವಾಗಿ ನಿದ್ದೆ ಮಾಡಿದರೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಯುಗಾದಿ ಕಳೆದ ಮೇಲೆ ಮದುವೆ ಅಂತ ಗೊತ್ತಾಯಿತು.

ಶಿವರಾತ್ರಿಯ ಹೊತ್ತಿಗೆ ಪ್ಲಾಸ್ಟರ್ ಬಿಚ್ಚಿದರು. ತಾತ ಕೋಲೂರಿ ಹಜಾರದ ಈ ಗೋಡೆಯಿಂದ ಆ ಗೋಡೆಗೆ ನಡೆದರು, ಆಮೇಲೆ ಬೀದಿಯ ತುದಿಯವರೆಗೆ, ಆಮೇಲೆ ಮಂಡಿಗೆ. ಅವರು ಮಂಡಿಗೆ ಹೋದ ಮೊದಲ ದಿನ ಅಜ್ಜಿ ಮಂಚ ಬಿಚ್ಚಿಸಿ ಮಹಡಿಗೆ ಸಾಗಿಸಿದಳು. ಮೊರ, ಚಾಪೆ, ಅಮ್ಮನ ದಿಂಬು, ನನ್ನ ಪುಸ್ತಕ ಎಲ್ಲ ಒಳಗೆ ಹೋದವು. ಅಮ್ಮ ನೆಲ ಒರೆಸಿದಳು. ಅವರ ಹಜಾರ ಅವರಿಗೆ ಅಂದಳು ಅಜ್ಜಿ, ಎರವಲು ತಂದ ಪಾತ್ರೆ ತೊಳೆದು ಹಿಂದಿರುಗಿಸುವವಳ ಹಾಗೆ. ನಾವೆಲ್ಲ ತೊಟ್ಟಿಗೆ ಬಂದೆವು. ಅಲ್ಲಿ ಮದುವೆಯ ಹಪ್ಪಳದ ಕೆಲಸ ಶುರುವಾಗಿತ್ತು. ಅಮ್ಮ ಮತ್ತು ಮುಮ್ತಾಜಮ್ಮ ಲಟ್ಟಿಸುವುದು, ಗಿರಿಜತ್ತೆ ಹಳೆಯ ಪಂಚೆಯ ಮೇಲೆ ಬಿಸಿಲಿಗೆ ಹರಡುವುದು, ನಾನು ಹಿಟ್ಟು ಕದ್ದು ತಿನ್ನುವುದು.

ತಾತ ಮಧ್ಯಾಹ್ನದ ಊಟಕ್ಕೆ ಬಂದರು. ಅವರು ಕೆಮ್ಮಿದ್ದು ಕೇಳಿಸಿತು, ಆರಾಮ ಕುರ್ಚಿ ಕಿರುಗುಟ್ಟಿದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಅಮ್ಮ ನೀರು ತೆಗೆದುಕೊಂಡು ಹೊಸಿಲವರೆಗೆ ಹೋಗಿ, ಬಳೆಯಿಂದ ಲೋಟ ತಟ್ಟಿ, ಅಲ್ಲೇ ಇಟ್ಟು ಬಂದಳು. ಅವರು ಅದನ್ನು ತೆಗೆದುಕೊಳ್ಳಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಕೆಮ್ಮಿದರು. ನಾವು ಕೆಲಸ ನಿಲ್ಲಿಸಿ ಒಬ್ಬರನ್ನೊಬ್ಬರು ನೋಡಿಕೊಂಡೆವು. ಆಮೇಲೆ ಕೋಲಿನ ಸದ್ದು ಬಂತು, ನಡುಮನೆಯ ಹೊಸಿಲು ದಾಟಿ, ಕತ್ತಲು ದಾಟಿ ಹತ್ತಿರ ಹತ್ತಿರ. ತಾತ ತೊಟ್ಟಿಯ ಅಂಚಿಗೆ ಬಂದು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತರು. ಊಟಕ್ಕೆ ಕರೆಯುವ ಮೊದಲು ಅವರು ಆ ಜಾಗಕ್ಕೆ ಬಂದವರೇ ಅಲ್ಲ. ಎಲ್ಲರೂ ಎದ್ದು ನಿಂತೆವು.

“ಅಲ್ಲಿ ನಾನೊಬ್ಬನೇ ಏನ್ ಮಾಡ್ಲಿ?” ಅಂದರು ತಾತ.

ಅಜ್ಜಿ ಅವರನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು. ಹಪ್ಪಳ ಒಣಗುವವರೆಗೆ ನಾವು ಯಾರೂ ಅಲ್ಲಿಗೆ ಬರುವ ಹಾಗಿಲ್ಲ, ಸಂಜೆ ಬರುತ್ತೇವೆ ಅಂದಳು. ತಾತ ಹೋಗಲಿಲ್ಲ. ಗಿರಿಜತ್ತೆ ಕಂಬದ ಪಕ್ಕಕ್ಕೆ ಮಣೆ ಹಾಕಿದಳು. ಅವರು ಹುಷಾರಾಗಿ, ಬಲಗಾಲು ಮುಂದಕ್ಕೆ ಚಾಚಿ, ಅದರ ಮೇಲೆ ಕೂತರು.

“ಬಂದ್ಬುಟ್ರಲ್ಲ, ಸುಮ್ನೆ ಕೂರ್ಬೇಡಿ,” ಅಂದಳು ಅಜ್ಜಿ. “ಆ ಕೋಲಲ್ಲಿ ಕಾಗೆ ಓಡಿಸಿ.”

ಮುಮ್ತಾಜಮ್ಮ ಲಟ್ಟಣಿಗೆ ಹಿಡಿದುಕೊಂಡೇ ನಗಲು ಮುಖ ತಿರುಗಿಸಿದರು. ತಾತ ಪೇಟ ತೆಗೆದು ನನ್ನ ಕೈಗೆ ಕೊಟ್ಟರು, ಕೋಲನ್ನು ಎತ್ತಿ ಹಿಡಿದು ಹೆಂಚಿನ ಮೇಲೆ ಕೂತಿದ್ದ ಕಾಗೆಗಳನ್ನು ದಿಟ್ಟಿಸಿ ನೋಡತೊಡಗಿದರು. ಅವತ್ತು ನಮ್ಮ ಮನೆಯ ಒಂದೇ ಒಂದು ಹಪ್ಪಳವೂ ಕಾಗೆಯ ಪಾಲಾಗಲಿಲ್ಲ.